ತಿಳಿನೀರಿನ ಕೆಳಗಿನ ಕೆಸರು

ಲಂಡನ್ನಿನಲ್ಲಿ ಚೌತಿಗೆ ಏನೂ ಕೊರತೆಯಿಲ್ಲ. ವೆಂಬ್ಲಿಯ ಈಲಿಂಗ್ ರೋಡಿಗೆ ಹೋದರೆ ಮಣ್ಣಿನ ಗಣಪನಿಂದ ಹಿಡಿದು ತೆಂಗಿನಕಾಯಿವರೆಗೆ ಎಲ್ಲ ಸಿಗುತ್ತದೆ. ಪೂಜೆ ಮುಗಿದ ಮೇಲೆ ಗಣಪನನ್ನು ಯಾವ ನೀರಿಗೆ ಬಿಡುವುದು ಅನ್ನುವುದೇ ಮನೆಮನೆಯ ತಲೆನೋವು.

ಸುಗುಣಾಳ ಮನೆಯಲ್ಲಿ ಈ ಮಾತನ್ನು ಯಾರೂ ತೆಗೆಯುವುದಿಲ್ಲ. ಎರಡು ವರ್ಷದ ಹಿಂದೆ ಗಣಪನನ್ನು ಬಿಡಲು ನೀರಿಗಿಳಿದ ಗಂಡ ಪುರಂದರ ಮೇಲೆ ಬರಲೇ ಇಲ್ಲ. ಕುಂದಾಪುರದ ಹೊಳೆಯಲ್ಲಿ ಈಜಿ ಬೆಳೆದವನು, ಪಾಪ! ಲಂಡನ್ ದಾಟಿ ಉತ್ತರಕ್ಕೆ ಹೋದರೆ ಕಲ್ಲಿದ್ದಲ ಗಣಿ ಮುಚ್ಚಿ, ಮಣ್ಣು ತುಂಬಿ, ಹುಲ್ಲು ಬೆಳೆಸಿದ ಬಯಲೊಂದಿದೆ. ಅಲ್ಲಿ ಕೆರೆಯಂತೆ ನಿಂತ ತಿಳಿನೀರು ಕಂಡು ಅವನಿಗೆ ಊರೇ ನೆನಪಾಗಿತ್ತು. ಹೋದ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ.

ಈ ವರ್ಷ ಪುರಂದರನ ಅಣ್ಣ ಸತ್ಯಪ್ರಕಾಶ ಲಂಡನ್ನಿನ ಇನ್ನೊಂದು ಮೂಲೆಯ ಫೆಲ್ಥಮ್‌ನಿಂದ ಬಂದು ಪಟ್ಟು ಹಿಡಿದು ಕೂತ.

"ಗಣಪನನ್ನು ಈ ಸಲವೂ ಅಲ್ಲೇ ಬಿಡುವ ಸುಗುಣಾ. ತಮ್ಮ ಅರ್ಧಕ್ಕೆ ಬಿಟ್ಟದ್ದನ್ನು ಅವನ ಮಗಳು ಪೂರ್ತಿ ಮಾಡಲಿ. ಜ್ಯೋತ್ಸ್ನಾಳ ಪಕ್ಕದಲ್ಲೇ ನಾನಿರ್ತೇನೆ."

ಸುಗುಣಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬೇಡ ಭಾವ. ಅವರನ್ನು ನುಂಗಿದ ನೀರು ಅದು."

"ನೀರು ಎಂತ ಮಾಡ್ತದೆ ಮಾರಾಯ್ತಿ? ಅವನ ಹಣೆಬರಹ ಅಷ್ಟೇ."

"ಐ ವಾಂಟ್ ಟು ಡು ಇಟ್ ಅಮ್ಮ, ಪಪ್ಪಂಗೋಸ್ಕರ," ಎಂದಳು ಜ್ಯೋತ್ಸ್ನಾ.

ಮೇಲಿನ ಫ್ಲಾಟಿನ ಮೈತ್ರೇಯಿ ಆಗಷ್ಟೇ ಒಳಗೆ ಬಂದಿದ್ದಳು. ಮೈಸೂರಿನವಳು, ಇಂಜಿನಿಯರ್. ಮುಚ್ಚಿದ ಗಣಿಯ ಜಾಗಗಳಿಗೆ ನೀರಿನ ಹೊಂಡಗಳ ನಕ್ಷೆ ಹಾಕುವುದೇ ಅವಳ ಕೆಲಸ.

"ಅಣ್ಣ, ಅದು ಕೆರೆ ಅಲ್ಲ, ಹೂಳು ಹಿಡಿಯೋ ಹೊಂಡ. ಹೊಸದಾಗಿ ತುಂಬಿದ ಮಣ್ಣು ಮಳೆಗೆ ಕೊಚ್ಚಿಕೊಂಡು ನದಿ ಸೇರಬಾರದು ಅಂತ ನೀರನ್ನ ಅಲ್ಲಿ ನಿಲ್ಲಿಸ್ತೀವಿ. ಮಣ್ಣು ತಳಕ್ಕೆ ಕೂರತ್ತೆ, ತಿಳಿನೀರು ಹೊರಗೆ ಹೋಗತ್ತೆ."

"ನೀರು ತಿಳಿ ಉಂಟು ಅಂದ್ಮೇಲೆ ತಳ ಗಟ್ಟಿ ಇರ್ತದಲ್ಲ? ನಾವೂ ಹೊಳೆ ಕಂಡವರೇ."

ಮೈತ್ರೇಯಿ ವಾದಕ್ಕೆ ನಿಲ್ಲದೆ ಅಡುಗೆಮನೆಗೆ ಹೋದಳು. ಸುಗುಣಾ ಬೆಳಿಗ್ಗೆ ರುಬ್ಬಿಟ್ಟ ನೀರ್‌ದೋಸೆ ಹಿಟ್ಟಿನ ಪಾತ್ರೆಯನ್ನು ಅಲುಗಿಸದೆ ತಂದು ಮುಂದಿಟ್ಟಳು. ಹಿಟ್ಟು ತಳಕ್ಕಿಳಿದು ಮೇಲೆ ನೀರು ತಿಳಿಯಾಗಿ ನಿಂತಿತ್ತು.

"ಬೆರಳು ತಳದವರೆಗೆ ಇಳಿಸಿ ಅಣ್ಣ. ಈಗ ಜೋರಾಗಿ ಎಳೀರಿ."

ಸತ್ಯಪ್ರಕಾಶ ಎಳೆದ. ಅಡಿಯ ಹಿಟ್ಟು ಬೆರಳನ್ನು ಬಿಗಿಯಾಗಿ ಹಿಡಿಯಿತು.

"ಹೊಂಡ ಚೆನ್ನಾಗಿ ಕೆಲಸ ಮಾಡಿದಷ್ಟೂ ಮೇಲೆ ನೀರು ತಿಳಿ, ಕೆಳಗೆ ಹೂಳು ಜಾಸ್ತಿ. ಅದರಲ್ಲಿ ಈಜು ಬಂದೂ ಪ್ರಯೋಜನ ಇಲ್ಲ. ಒದ್ದಾಡಿದಷ್ಟೂ ಹಿಡ್ಕೊಳ್ಳತ್ತೆ."

"ಅಯ್ಯೋ, ನನ್ನ ತಮ್ಮ ಎಷ್ಟು ಒದ್ದಾಡಿದನೋ!" ಸತ್ಯಪ್ರಕಾಶ ಎಲ್ಲರ ಮುಂದೆಯೇ ಅತ್ತುಬಿಟ್ಟ.

"ಅಲ್ಲಿ ಬೋರ್ಡ್ ಇರಲಿಲ್ವಾ ಸುಗುಣಕ್ಕ?" ಮೈತ್ರೇಯಿ ಮೆತ್ತಗೆ ಕೇಳಿದಳು.

"ಇತ್ತು. ಆಳವಾದ ನೀರು, ಎಚ್ಚರಿಕೆ ಅಂತ. ಇವರು ಓದಿ ನಕ್ಕರು. ಆಳ ಅಂದ್ರೆ ನಂಗೆ ಹೆದರಿಕೆಯಾ ಅಂದರು. ಕೆಸರು ಅಂತ ಬರೆದಿರಲಿಲ್ಲ ಮೈತ್ರೇಯಿ. ಕೆಸರಿಗೆ ಅವರು ಹೆದರ್ತಿದ್ರು. ಸಣ್ಣವರಿರುವಾಗ ಎಮ್ಮೆ ಹೂತುಹೋದದ್ದು ಕಣ್ಣಾರೆ ಕಂಡವರು."

ಮೈತ್ರೇಯಿ ಸುಗುಣಾಳ ಕೈ ಹಿಡಿದುಕೊಂಡಳು. "ನಾನೀಗ ಹಾಕ್ತಿರೋ ನಕ್ಷೆಯಲ್ಲಿ ದಡ ಇಳಿಜಾರಾಗಿರತ್ತೆ ಅಕ್ಕ. ಸುತ್ತ ಮೊಣಕಾಲುದ್ದ ನೀರಿನ ಗಟ್ಟಿ ಅಂಚು, ಅದರ ತುಂಬ ಜೊಂಡು, ಯಾರೂ ಒಳಗೆ ಹೋಗದ ಹಾಗೆ. ಹೂಳನ್ನ ಆಗಾಗ ತೆಗೀಬೇಕು ಅಂತಲೂ ಬರೆದಿದೀನಿ. ಬೋರ್ಡಿನ ಮಾತು ಮಾತ್ರ ನಂಗೆ ಹೊಳೆದಿರಲಿಲ್ಲ. ಕೆಸರು ಅಂತಲೇ ಬರೆಸ್ತೀನಿ."

ಆ ಚೌತಿಗೆ ಸತ್ಯಪ್ರಕಾಶನೇ ಹಿತ್ತಲಲ್ಲಿ ಬಕೆಟ್ಟಿಗೆ ನೀರು ತುಂಬಿಸಿದ. ಜ್ಯೋತ್ಸ್ನಾ ಗಣಪನನ್ನು ಮೆಲ್ಲಗೆ ಮುಳುಗಿಸಿ, ಮಣ್ಣು ಕರಗುವುದನ್ನೇ ನೋಡುತ್ತ ನಿಂತಳು.

"ಗಣಪನನ್ನು ಪಪ್ಪನೂ ಇಲ್ಲೇ ಬಿಡಬಹುದಿತ್ತಲ್ಲ ಅಮ್ಮ?"

ಸುಗುಣಾ ಮಗಳನ್ನು ತಬ್ಬಿಕೊಂಡು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಮುಚ್ಚಿದ ಗಣಿಯ ಜಾಗದಲ್ಲಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಇಳಿಯಬೇಡಿ. ಯಾರಾದರೂ ಸಿಕ್ಕಿಕೊಂಡರೆ ಅವರ ಹಿಂದೆ ನೀರಿಗೆ ಹಾರಬೇಡಿ, ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ, ದಡದಿಂದಲೇ ಹಗ್ಗವನ್ನೋ ಶಾಲನ್ನೋ ಎಸೆಯಿರಿ. ಒದ್ದಾಡದೆ ಹಿಂದಕ್ಕೆ ಒರಗಿ ಮಲಗಲು ಸಿಕ್ಕಿಕೊಂಡವರಿಗೆ ಕೂಗಿ ಹೇಳಿ. ನಿಮ್ಮ ಕಡೆ ಇಂಥ ಹೊಂಡದ ನಕ್ಷೆ ನೋಡಲು ಸ್ಥಳೀಯ ಆಡಳಿತದ ಕೌನ್ಸಿಲ್ ಕರೆದರೆ ತಪ್ಪದೆ ಹೋಗಿ. ದಡ ಇಳಿಜಾರಾಗಿದೆಯಾ, ಹೂಳು ಯಾರು ತೆಗೆಯುತ್ತಾರೆ, ಬೋರ್ಡಿನಲ್ಲಿ ಏನು ಬರೆಯುತ್ತೀರಿ ಎಂದು ಕೇಳಿ. ನಮಗೇನು ತಿಳಿಯುತ್ತದೆ ಎಂದು ಹಿಂದೆ ಕೂರಬೇಡಿ. ನೀರಿಗಿಳಿಯುವವರು ನಮ್ಮವರೇ.