ಗಾಲಿಯೊಳಗಿನ ಮೊಳೆ

ಬೆಳಗಿನ ಆರು ಗಂಟೆಗೆ ಕನಕಗಿರಿಯ ಬೇವಿನ ಕಟ್ಟೆಯ ಹತ್ತಿರ ಯಂಕೇಶನ ಸಣ್ಣ ಲಾರಿ ನಿಂತಿತ್ತು. ಗಂಗಾವತಿ ಕಡೆಯ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುವ ಹೆಂಗಸರು ಬುತ್ತಿಗಂಟು ಹಿಡಿದು ಒಬ್ಬೊಬ್ಬರಾಗಿ ಹಿಂದೆ ಹತ್ತುತ್ತಿದ್ದರು. ಸರಕಿನ ಗಾಡಿಯಲ್ಲಿ ಜನರನ್ನು ತುಂಬಬಾರದೆಂಬುದು ಅವನಿಗೂ ಗೊತ್ತು, ಹತ್ತುವವರಿಗೂ ಗೊತ್ತು. ಬಸ್ಸಿಗೆ ಕಾದರೆ ಗದ್ದೆ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತದೆ.

ಯಂಕೇಶನ ಕಣ್ಣು ಮಾತ್ರ ಮುಂದಿನ ಎಡಗಾಲಿ ಬಿಟ್ಟು ಕದಲುತ್ತಿರಲಿಲ್ಲ. ನಿನ್ನೆ ಸಂಜೆ ಆ ಗಾಲಿಯನ್ನು ಬಿಚ್ಚಿ, ಬೇರಿಂಗ್, ಬ್ರೇಕ್ ಲೈನರ್ ಎರಡನ್ನೂ ತಾನೇ ಬದಲಿಸಿದ್ದ. "ಕೈಯಾಗ ಪಾನಾ ಇದ್ದಾಂವಗ ಮೇಸ್ತ್ರಿ ಯಾಕ?" ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು ಅವನು. ಮೊಬೈಲಿನಲ್ಲಿ ವಿಡಿಯೊ ನೋಡಿ ಗ್ರೀಸು ತುಂಬಿದ, ಪಾನಾ ಹಾಕಿ ನಟ್ಟು ಬಿಗಿದ. ಕೊನೆಗೆ ಆ ನಟ್ಟು ತಿರುಗದಂತೆ ಅಡ್ಡ ಹಾಕುವ ಪಿನ್ನು ಕೈಯಲ್ಲೇ ಮುರಿಯಿತು. ಹೊಸದು ಅಜೀಮನ ಗ್ಯಾರೇಜಿನಲ್ಲಿ ಸಿಗುತ್ತಿತ್ತು. ಆದರೆ ಅಜೀಮನೆದುರಿಗೇ ಐದು ವರ್ಷ ಮೀಸೆ ತಿರುವಿದವನು ಈಗ ಅವನ ಬಾಗಿಲಿಗೆ ಹೋಗುವುದು ಹೇಗೆ?

ಯಂಕೇಶನ ಅಪ್ಪ ಬಂಡಿ ಹೊಡೆಯುತ್ತಿದ್ದವನು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಒಮ್ಮೆ ಕಳೆದಾಗ, ದಪ್ಪ ಮೊಳೆ ಬಡಿದು ಊರು ಮುಟ್ಟಿದ್ದ. ಮಗನೂ ಅದನ್ನೇ ಮಾಡಿದ. ಎತ್ತಿನ ನಡಿಗೆಗೂ ಲಾರಿಯ ಓಟಕ್ಕೂ ಇರುವ ಅಂತರ, ಪಾಪ, ಹಾಸಿಗೆಗೆ ಬೆನ್ನು ಹಚ್ಚಿದ ಮೇಲೆ ಹೊಳೆಯಿತು. ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಹನ್ನೊಂದು ಜನ ಹತ್ತಿಯಾಗಿತ್ತು. ಹನ್ನೆರಡನೆಯವಳು ಹೆಂಡತಿ ಗಾಳೆಮ್ಮ. ಅವಳು ಕಾಲೆತ್ತಿ ಇಡುವಷ್ಟರಲ್ಲಿ ಯಂಕೇಶ ಪಕ್ಕಕ್ಕೆ ಕರೆದು, ಯಾರಿಗೂ ಕೇಳದ ಹಾಗೆ ಅಂದ:

"ನೀ ಇವತ್ತ ಬರಬ್ಯಾಡ."

"ಯಾಕ್ರಿ?"

"ಬ್ಯಾಡಂದ್ರ ಬ್ಯಾಡ. ಮನ್ಯಾಗಿರು."

ಗಾಳೆಮ್ಮ ಅವನ ಮುಖ ನೋಡಿದಳು, ಗಾಲಿ ನೋಡಿದಳು. ನಿನ್ನೆ ಅವನು ಹೇಳಿದಂತೆ ಬ್ರೇಕ್ ಒತ್ತಿ, ಬಿಟ್ಟು ಮಾಡಿದವಳು ಅವಳೇ. ಬ್ರೇಕು ಹಿಡಿಯದೆ ಕಾಲು ಕೆಸರಿಗಿಳಿದ ಹಾಗೆ ಇಳಿದಿತ್ತು.

"ಗಾಡಿ ಸರಿ ಇಲ್ಲೇನ್ರಿ?"

"ಮೆಲ್ಲಕ ಹೊಡಿತೀನಿ. ಸಂಜಿಗೆ ಪಿನ್ನು ಹಾಕಿಸ್ತೀನಿ. ಏನೂ ಆಗಾಂಗಿಲ್ಲ."

"ಏನೂ ಆಗಾಂಗಿಲ್ಲಂದ್ರ ನಾ ಯಾಕ ಮನ್ಯಾಗಿರಬೇಕು?"

ಅಷ್ಟರಲ್ಲಿ ಮೇಲಿನಿಂದ ಗುಂಪಿನ ಹಿರಿಯಳು ಹುಲಿಗವ್ವ ಕೂಗಿದಳು: "ಗಂಡ ಹೆಂಡ್ತಿ ಮಾತು ಮನ್ಯಾಗ ಮುಗೀಲಿಲ್ಲೇನಬೇ? ಗದ್ದ್ಯಾಗ ಭತ್ತದ ಅಗಿ ಕಿತ್ತಿಟ್ಟಾರ, ಬಾಡತಾವ!"

ಗಾಳೆಮ್ಮ ತಿರುಗಿಯೂ ನೋಡದೆ ಹತ್ತಿದಳು. ಎಡ ಮೂಲೆಯಲ್ಲಿ ಜಾಗ ಮಾಡಿಕೊಂಡು ಕುಳಿತು, "ಹೊಡೀರಿ," ಅಂದಳು.

ಯಂಕೇಶ ಸ್ಟೇರಿಂಗ್ ಹಿಡಿದು ಕುಳಿತ. ಮುಂದಿನ ದಾರಿಯ ಗುಡ್ಡದ ಇಳಿಜಾರು, ಅದರಾಚೆಯ ಕಾಲುವೆ ಸೇತುವೆ ಕಣ್ಣಿಗೆ ಕಟ್ಟಿದವು. ಹೆಂಡತಿಯ ಜೀವಕ್ಕೆ ಹೆದರಿದವನಿಗೆ ಉಳಿದ ಹನ್ನೊಂದು ಜೀವ ಲೆಕ್ಕಕ್ಕೇ ಬಂದಿರಲಿಲ್ಲ! ತನ್ನ ಮೇಲೆ ತನಗೇ ಹೇಸಿಕೆ ಹುಟ್ಟಿತು. ಕೀಲಿ ತಿರುವಲು ಕೈ ಏಳಲಿಲ್ಲ. ಕೆಳಗಿಳಿದು ಹಿಂದೆ ಹೋದ.

"ಇಳೀರವ್ವಾ. ಗಾಲಿಗೆ ಪಿನ್ನಿಲ್ಲ, ಮೊಳಿ ಬಡದೀನಿ. ಬ್ರೇಕೂ ಪೂರಾ ಹಿಡಿಯಂಗಿಲ್ಲ."

ಹುಲಿಗವ್ವ ಮೆಲ್ಲಗೆ ಇಳಿದು ಅವನೆದುರು ನಿಂತಳು.

"ಹೆಂಡ್ತೀನ ಕರದು ಹೇಳಿದೆಲ್ಲಪಾ. ನಾವೇನು ಹುಲ್ಲಿನ ಹೊರಿ ಆಗಿದ್ವೇನು?"

"ತಪ್ಪಾತು, ದೊಡ್ಡವ್ವಾ."

"ನಿಮ್ಮವ್ವನ ಸಂಗಾಟ ನಾಟಿ ಹಚ್ಚಿದಾಕಿ ನಾ," ಅಂದಳು. ಅವಳ ಕಣ್ಣು ತುಂಬಿದ್ದವು.

ಯಂಕೇಶ ಗದ್ದೆಯವರಿಗೆ ಫೋನ್ ಮಾಡಿ ಬೈಸಿಕೊಂಡ. ಆಮೇಲೆ ಅಜೀಮನಿಗೆ ಮಾಡಿದ. ಅಜೀಮ ಬೈಕಿನಲ್ಲಿ ಬಂದು, ಒಂದೂ ಚುಚ್ಚುಮಾತಾಡದೆ ಗಾಲಿ ಬಿಚ್ಚಿದ. ನಿನ್ನೆ ಗಾಲಿ ಜೋಡಿಸಿದ ಮೇಲೆ ಊರ ಸುತ್ತ ಒಂದು ಸುತ್ತು ಓಡಿಸಿದ್ದಕ್ಕೇ ಮೊಳೆ ಅರ್ಧ ಸವೆದು ಬಾಗಿತ್ತು.

"ಇಳಿಜಾರದಾಗ ಇದು ಮುರೀತಿತ್ತು, ಯಂಕೇಶಣ್ಣ," ಎಂದಷ್ಟೇ ಅಂದ. ಹೆಂಗಸರು ಬಗ್ಗಿ ನೋಡಿದರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊಸ ಪಿನ್ನು ಕೂತಿತು. ಬ್ರೇಕಿನ ಎಣ್ಣೆಯಲ್ಲಿದ್ದ ಗಾಳಿ ಹೋಯಿತು. ಅಜೀಮ ಕೈ ಒರೆಸಿಕೊಂಡು, "ಈಗ ಹತ್ರಿ, ಗಟ್ಟಿ ಆಗೇತಿ," ಅಂದ.

ಗಾಳೆಮ್ಮ ಎಲ್ಲರಿಗಿಂತ ಮೊದಲು ಹೋಗಿ ಗಂಡನ ಪಕ್ಕದ ಸೀಟಿನಲ್ಲಿ ಕುಳಿತಳು.

"ನೀನೂ ಇಳಿ," ಅಂದ ಯಂಕೇಶ. ಈ ಸಲ ಎಲ್ಲರಿಗೂ ಕೇಳುವ ಹಾಗೆ ಅಂದ. "ಮೊದಲ ನಾ ಒಬ್ಬನ ಗುಡ್ಡ ಇಳದು ಬರ್ತೀನಿ."

ಹನ್ನೆರಡು ಜನ ಹೆಂಗಸರು ಕಟ್ಟೆಯ ಮೇಲೆ ಕುಳಿತು, ಲಾರಿ ಹೋದ ದಾರಿಯನ್ನೇ ನೋಡುತ್ತಿದ್ದರು.