ಪಟ್ಟಿಯಲ್ಲಿಲ್ಲದ ಗ್ಲಾಸು

ಮಗಳ ಬಾರಿನ ಪಾನೀಯಗಳ ಪಟ್ಟಿಯನ್ನು ಲೇಂಡರ್ಟ್ ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಬಾಯಿಪಾಠ ಮಾಡಿದ್ದ. ಅಕ್ಷರದ ತಪ್ಪು ನೋಡಿಕೊಡುತ್ತೇನೆಂದು ನೆಪ ಹೇಳಿ ಸೋಮವಾರವೇ ಅದನ್ನು ತರಿಸಿಕೊಂಡಿದ್ದ. ಒಂದನೆಯದರಲ್ಲಿ ಆ ಊರಿನ ಮದ್ಯವಾದ ಯೆನೇವರ್, ನಿಂಬೆರಸ, ಜೇನು. ಎರಡನೆಯದರಲ್ಲಿ ಯೆನೇವರ್, ಕೆಂಪು ಕರಂಟ್ ಹಣ್ಣಿನ ರಸ, ಒಂದು ಚೂರು ಶುಂಠಿ. ಯಾವುದಕ್ಕೆ ಏನು ಹೇಳಬೇಕು, ಎಲ್ಲಿ ತಲೆಯಾಡಿಸಬೇಕು, ಎಲ್ಲಿ ಹುಬ್ಬು ಗಂಟಿಕ್ಕಬೇಕು ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿಕೊಂಡ. ಎಪ್ಪತ್ತೊಂದು ವರ್ಷದ ಮನುಷ್ಯ. ಹುಟ್ಟಿದಂದಿನಿಂದ ಇಂಥ ನಾಟಕ ಆಡಿದವನಲ್ಲ.

ವಿಷಯ ಇಷ್ಟೇ. ಅವನ ಮೂಗು ಸತ್ತುಹೋಗಿತ್ತು. ಹೋದ ವರ್ಷದ ಚಳಿಗಾಲದಲ್ಲಿ ಒಂದು ವಾರ ಜ್ವರ ಬಂತು, ಜ್ವರ ಬಿಟ್ಟಿತು, ವಾಸನೆ ಮಾತ್ರ ಹಿಂದಿರುಗಲಿಲ್ಲ. ಉಪ್ಪು, ಹುಳಿ, ಸಿಹಿ, ಕಹಿ ನಾಲಗೆಗೆ ತಿಳಿಯುತ್ತಿದ್ದವು. ಉಳಿದದ್ದೆಲ್ಲ ಬರೀ ಬಿಸಿ ಅಥವಾ ಬರೀ ತಣ್ಣಗೆ. ಕಾಫಿ ಕಹಿ ನೀರಾಯಿತು. ಒಲೆಯ ಮೇಲೆ ಹಾಲು ಸೀದು ತಳ ಹಿಡಿದು ಹೊಗೆ ತುಂಬಿದರೂ ಗೊತ್ತಾಗದೆ ಅವನು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತ ಕೂತಿದ್ದ. ಡಾಕ್ಟರು ನೋಡೋಣ ಎಂದರು. ನೋಡಿ ನೋಡಿ ಹದಿನಾಲ್ಕು ತಿಂಗಳಾಯಿತು.

ಬೇರೆ ಯಾರದಾದರೂ ಮೂಗು ಹೋಗಿದ್ದರೆ ಅಯ್ಯೋ ಪಾಪ ಎಂದು ಬಿಡಬಹುದಿತ್ತು. ಲೇಂಡರ್ಟ್ ನಲವತ್ತೊಂದು ವರ್ಷ ಸ್ಖೀಡಾಮ್ ಎಂಬ ಊರಿನ ಒಂದು ಭಟ್ಟಿಯಲ್ಲಿ ಯೆನೇವರಿನ ಹದ ನೋಡುವವನಾಗಿದ್ದ. ಧಾನ್ಯದ ಮದ್ಯಕ್ಕೆ ಜೂನಿಪರ್ ಕಾಯಿ ಎಷ್ಟು, ಸೋಂಪು ಎಷ್ಟು, ಪೀಪಾಯಿಯಲ್ಲಿ ಇನ್ನೆಷ್ಟು ದಿನ ಎಂದು ಹೇಳುವುದು ಅವನ ಕೆಲಸ. ಅವನು ಮೂಗು ಮುರಿದರೆ ಸಾವಿರ ಲೀಟರಾದರೂ ಸರಿ, ಮರಳಿ ಭಟ್ಟಿಗೇ ಹೋಗಬೇಕು. ಮಾತೂ ಅಷ್ಟೇ, ಕಡ್ಡಿ ಮುರಿದ ಹಾಗೆ. ಆ ಊರಿನಲ್ಲಿ ಎಲ್ಲರೂ ಮುಖಕ್ಕೆ ಹೊಡೆದಂತೆ ಮಾತಾಡುವವರೇ. ಅವರ ನಡುವೆಯೂ ಇವನ ನಾಲಗೆಗೆ ಹೆದರುತ್ತಿದ್ದರು. ಒಮ್ಮೆ ಮಾಲೀಕನ ಮಗಳ ಮದುವೆಯಲ್ಲಿ, ವರನ ಕಡೆಯವರು ತಂದ ಮದ್ಯವನ್ನು ಒಂದು ಗುಟುಕು ಕುಡಿದು, ಇದರಲ್ಲಿ ಕಿಟಕಿ ಒರೆಸಬಹುದು ಎಂದಿದ್ದ.

ಹೆಂಡತಿ ಹೆಂಡ್ರಿಕಾ ಮೂವತ್ತೈದು ವರ್ಷ ವಾಸನೆಯಿಲ್ಲದ ಸೋಪಿನಲ್ಲೇ ಮಿಂದಳು. ಮನೆಯಲ್ಲಿ ಹೂವಿಲ್ಲ, ಅತ್ತರಿಲ್ಲ, ಕೆಲಸದ ದಿನ ಈರುಳ್ಳಿ ಹುರಿಯುವಂತಿಲ್ಲ. ಗಂಡನ ಮೂಗು ಕೆಡಬಾರದಲ್ಲ. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಮೂಗು ಹೋದ ಮೇಲೆ ಲೇಂಡರ್ಟನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ. ಅವಳು ಅಷ್ಟೆಲ್ಲ ಬಿಟ್ಟುಕೊಟ್ಟು ಕಾಪಾಡಿದ್ದನ್ನು ಒಂದು ವಾರದ ಜ್ವರ ತಿಂದುಹಾಕಿತು ಎಂದು ಒಬ್ಬನೇ ಕೂತು ಅತ್ತಿದ್ದ.

ಮಗಳು ಯೋರಿಂಡಳಿಗೆ ಇದೊಂದೂ ಗೊತ್ತಿರಲಿಲ್ಲ. ಹೇಳಬೇಕೆಂದು ಅವನು ಒಂದು ಭಾನುವಾರ ಹೊರಟೇ ಇದ್ದ. ಅದೇ ದಿನ ಅವಳು ಬಂದರಿನ ಕಚೇರಿಯ ಕೆಲಸ ಬಿಟ್ಟು ಕಾಲುವೆ ಬದಿಯ ಹಳೆ ಹಗ್ಗದ ಅಂಗಡಿಯನ್ನು ಬಾಡಿಗೆಗೆ ಹಿಡಿದ ಸುದ್ದಿ ತಂದಳು. ನಮ್ಮೂರಿನ ಯೆನೇವರಿನಿಂದಲೇ ಹೊಸ ಹೊಸ ಕಾಕ್‌ಟೇಲ್ ಮಾಡುವ ಬಾರು, ನನಗೆ ಧೈರ್ಯ ಕೊಟ್ಟದ್ದು ನಿನ್ನ ಮೂಗು, ನೀನು ಸರಿ ಎಂದದ್ದನ್ನು ಮಾತ್ರ ಪಟ್ಟಿಗೆ ಹಾಕುತ್ತೇನೆ ಎಂದಳು. ಆ ಮುಖ ನೋಡಿ ಅವನು ಬಾಡಿಗೆ ಎಷ್ಟೆಂದು ಕೇಳಿದ. ಆಮೇಲೆ ಹೇಳಿದರಾಯಿತು ಎಂದುಕೊಂಡ. ಆಮೇಲೆ ಅನ್ನುವುದು ಎಂದು ತಾನೇ ಬಂದೀತು? ತಿಂಗಳುಗಟ್ಟಲೆ ಅವಳು ಬಣ್ಣ ಹೊಡೆಸುವುದರಲ್ಲಿ, ಮರಗೆಲಸದವರ ಬೆನ್ನು ಹತ್ತುವುದರಲ್ಲಿ ಮುಳುಗಿದಳು. ಇವನು ದಿನ ತಳ್ಳಿದ.

ಶನಿವಾರ ಬಾಗಿಲು ತೆರೆಯುವುದೆಂದು ಗೊತ್ತಾಗಿತ್ತು. ಹಿಂದಿನ ದಿನ ಸಂಜೆ ಐದಕ್ಕೆ ಓಣಿಯವರನ್ನೆಲ್ಲ ರುಚಿ ನೋಡಲು ಕರೆದಿದ್ದಳು. ಇಪ್ಪತ್ತು ಜನ ಬಂದಿದ್ದರು. ಬಾಗಿಲ ಬಳಿಯೇ ಸಿಕ್ಕವನು ಪಕ್ಕದ ಮನೆಯ ಕ್ರೈನ್, ದೋಣಿ ನಡೆಸಿ ನಿವೃತ್ತನಾದವನು, ಲೇಂಡರ್ಟನ ಶಾಲೆಯ ಗೆಳೆಯ.

"ಬಂದ್ಯೇನಯ್ಯಾ ಜಡ್ಜು? ಹೆತ್ತ ಮಗಳನ್ನಾದ್ರೂ ನೇಣಿಗೆ ಹಾಕದೆ ಬಿಡ್ತೀಯೋ ಇಲ್ವೋ?"

"ಕುಡಿದು ನೋಡಿ ಹೇಳ್ತೀನಿ" ಎಂದ ಲೇಂಡರ್ಟ್. ಎಲ್ಲರೂ ನಕ್ಕರು. ನಗೆ ಕೇಳಿ ಅವನಿಗೆ ಇನ್ನಷ್ಟು ದಿಗಿಲಾಯಿತು.

ಮೊದಲು ತಿಂಡಿ ಬಂತು. ಕರಿದ ಮಾಂಸದ ಉಂಡೆಗಳು, ಪಕ್ಕದಲ್ಲಿ ಸಾಸಿವೆಯ ಗೊಜ್ಜು. ಹಳೆಯ ಚೀಸಿನ ತುಂಡುಗಳು. ಹೊಗೆಯಾಡಿಸಿದ ಹಾವುಮೀನನ್ನು ರೈ ಧಾನ್ಯದ ರೊಟ್ಟಿಯ ಮೇಲಿಟ್ಟದ್ದು. ಉಂಡೆಯನ್ನು ಸಾಸಿವೆಯಲ್ಲಿ ಹೊರಳಾಡಿಸಿ ಬಾಯಿಗಿಟ್ಟ. ಸಾಸಿವೆಯ ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಈ ಹದಿನಾಲ್ಕು ತಿಂಗಳಲ್ಲಿ ಮೂಗಿನ ತನಕ ಬಂದು ಮಾತಾಡಿಸುತ್ತಿದ್ದದ್ದು ಸಾಸಿವೆಯೊಂದೇ. ಇನ್ನೆರಡು ತಿಂದ. ಮೀನು ಅವನ ಬಾಯಿಗೆ ಉಪ್ಪು ಹಾಕಿದ ಮೆತ್ತನೆಯ ವಸ್ತು, ಅಷ್ಟೇ. ಹೊಗೆ ಒಂದು ಕೂದಲೆಳೆ ಹೆಚ್ಚಾಯಿತು ಎಂದ. ಯೋರಿಂಡ ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು ಬರೆದುಕೊಂಡಳು.

ಒಂದನೆಯ ಗ್ಲಾಸು ಬಂದಾಗ ಎಲ್ಲರೂ ಮೇಜಿನ ಸುತ್ತ ಸೇರಿದರು. ಅಲ್ಲಿಯ ರೂಢಿಯಂತೆ ಗ್ಲಾಸನ್ನು ತುಳುಕುವಷ್ಟು ತುಂಬಿಸಿ ಮೇಜಿನ ಮೇಲಿಟ್ಟಿದ್ದರು. ಲೇಂಡರ್ಟ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ, ಗ್ಲಾಸಿಗೇ ತುಟಿ ಹಚ್ಚಿ ಹೀರಿದ. ಹುಳಿ, ಸಿಹಿ, ಗಂಟಲಲ್ಲಿ ಉರಿ. ಜೇನು ಒಳ್ಳೆಯದು, ನಿಂಬೆ ಕೊಂಚ ಹಿಂದೆ ಸರಿಯಲಿ ಎಂದು ಪಾಠ ಒಪ್ಪಿಸಿದ. ಎರಡನೆಯದಕ್ಕೆ ಶುಂಠಿಯನ್ನು ಕಡೆಯಲ್ಲಿ ಹಾಕು, ಆಗ ಹಣ್ಣು ಮುಂದೆ ಬರುತ್ತದೆ ಎಂದ. ಕ್ರೈನ್ ತಾನೂ ಹೀರಿ, ಹೌದಲ್ಲ, ಶುಂಠಿಯೇ ಎಂದು ತಲೆದೂಗಿದ. ಯೋರಿಂಡಳ ಕೆನ್ನೆ ಕೆಂಪಾಗಿತ್ತು. ಗೆದ್ದೆ ಎಂದುಕೊಂಡ ಲೇಂಡರ್ಟ್. ಇನ್ನು ಕೋಟು ಹಾಕಿಕೊಂಡು ಮನೆಗೆ ಹೋದರೆ ಮುಗಿಯಿತು.

ಅಷ್ಟರಲ್ಲಿ ಅವಳು ಅಡಿಗೆಮನೆಯಿಂದ ಮೂರನೆಯದೊಂದನ್ನು ತಂದಳು. ಒಂದೇ ಗ್ಲಾಸು. ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ, ಉಸಿರು ಬಿಗಿಹಿಡಿದು ತಂದು ಅವನ ಮುಂದಿಟ್ಟಳು. ಬಣ್ಣ ತಿಳಿ ಹೊಂಬಣ್ಣ. ಇದು ಪಟ್ಟಿಯಲ್ಲಿರಲಿಲ್ಲ.

"ಏನಿದೆ ಇದ್ರಲ್ಲಿ?"

"ಹೇಳಲ್ಲ" ಎಂದಳು. "ನೀನೇ ಹೇಳ್ಬೇಕು."

ಲೇಂಡರ್ಟ್ ಬಾಗಿದ. ಹೀರಿದ. ನಾಲಗೆಯ ಮೇಲೆ ತುಸು ಸಿಹಿ, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಇನ್ನೊಮ್ಮೆ ಹೀರಿ ಬಾಯಲ್ಲೇ ಹೊರಳಾಡಿಸಿದ, ಕಣ್ಣು ಮುಚ್ಚಿದ. ಬರೀ ಗೋಡೆ. ತಲೆಯೆತ್ತಿದರೆ ಮಗಳು ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು. ಹೊಗಳಲೇ? ಲೇಂಡರ್ಟ್ ತಪ್ಪು ಹುಡುಕದೆ ಹೊಗಳಿದ ಎಂದರೆ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಮೊದಲು ಅನುಮಾನ ಬರುವುದು ಇವಳಿಗೇ. ಹಾಗಾಗಿ ಜೀವಮಾನವಿಡೀ ಮಾಡಿದ್ದನ್ನೇ ಮಾಡಿದ. ತುಟಿ ಒರೆಸಿಕೊಂಡು ಗ್ಲಾಸನ್ನು ಎರಡು ಬೆರಳಲ್ಲಿ ಆಚೆ ತಳ್ಳಿದ.

"ಇದು ಕೆಟ್ಟಿದೆ. ಯಾರು ಮಾಡಿದ್ದೋ, ಅವಸರದ ಕೈ. ಜನಕ್ಕೆ ಕೊಡಬೇಡ, ಚೆಲ್ಲಿಬಿಡು."

ಕ್ರೈನ್ ಗಹಗಹಿಸಿ ನಕ್ಕ, ಜಡ್ಜು ಇನ್ನೂ ಬದುಕಿದ್ದಾನಪ್ಪಾ ಎಂದ. ಯೋರಿಂಡ ನಗಲಿಲ್ಲ. ಒಂದು ಗಳಿಗೆ ಅಪ್ಪನನ್ನೇ ನೋಡಿದಳು. ಆಮೇಲೆ, ಆಯ್ತು ಎಂದು ಗ್ಲಾಸು ಎತ್ತಿಕೊಂಡು ಒಳಗೆ ಹೋದಳು. ಜನ ಮತ್ತೆ ಮಾತಿಗೆ ತೊಡಗಿದರು. ತನ್ನ ಸುಳ್ಳು ಇಷ್ಟು ಸಲೀಸಾಗಿ ದಾಟಿತಲ್ಲ ಎಂದುಕೊಂಡು ಲೇಂಡರ್ಟ್ ಇನ್ನೊಂದು ಉಂಡೆಯನ್ನು ಸಾಸಿವೆಯಲ್ಲಿ ಅದ್ದಿದ.

ಕಾಲು ಗಂಟೆಯಾದರೂ ಅವಳು ಹೊರಗೆ ಬರಲಿಲ್ಲ. ಖಾಲಿ ತಟ್ಟೆ ಒಪ್ಪಿಸುವ ನೆಪದಲ್ಲಿ ಅವನೇ ಒಳಗೆ ಹೋದ. ಯೋರಿಂಡ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ತೊಟ್ಟಿಯಲ್ಲಿ ಕಂದು ಬಣ್ಣದ ಜೇಡಿಯ ಹೂಜಿಯೊಂದು ಬಾಯಿ ಕೆಳಗಾಗಿ ಬಿದ್ದಿತ್ತು. ಅದರ ಕುತ್ತಿಗೆಗೆ ದಾರದಿಂದ ಒಂದು ಚೀಟಿ ಕಟ್ಟಿತ್ತು. ಚೀಟಿಯ ಮೇಲಿದ್ದದ್ದು ಅವನದೇ ಕೈಬರಹ. ಯೋರಿಂಡ ಎಂಬ ಹೆಸರು, ಅವಳು ಹುಟ್ಟಿದ ತಾರೀಖು.

ಅವನ ಭಟ್ಟಿಯಲ್ಲಿ ಒಂದು ಪದ್ಧತಿಯಿತ್ತು. ಹದ ನೋಡುವವನಿಗೆ ಮಗು ಹುಟ್ಟಿದರೆ, ಆ ವಾರ ತನಗೆ ಅತ್ಯಂತ ಮೆಚ್ಚಿಗೆಯಾದದ್ದನ್ನು ತನ್ನ ಕೈಯಾರೆ ಬೆರೆಸಿ ಒಂದು ಹೂಜಿ ತುಂಬಿಸಿ, ಅರಗು ಹಾಕಿ ಮುಚ್ಚುವುದು. ಮಗು ಬೆಳೆದು ಸ್ವಂತದ್ದೊಂದು ಶುರುಮಾಡಿದ ದಿನ ಅದರ ಅರಗು ಒಡೆಯುವುದು. ಮೊದಲ ಗುಟುಕು ಮಾಡಿದವನದು. ಅವನು ಸೈ ಅನ್ನುವ ತನಕ ಬೇರೆ ಯಾರೂ ತುಟಿ ಸೋಕಿಸುವಂತಿಲ್ಲ. ಯೋರಿಂಡ ಹುಟ್ಟಿದ ವಾರ ಲೇಂಡರ್ಟ್ ಮೂರು ದಿನ ಬೆರೆಸಿ, ಚೆಲ್ಲಿ, ಮತ್ತೆ ಬೆರೆಸಿದ್ದ. ಹೂಜಿ ಹೆಂಡ್ರಿಕಾಳ ಪೆಟ್ಟಿಗೆಯಲ್ಲಿತ್ತು. ಅವಳು ಹೋದ ಮೇಲೆ ಎಲ್ಲಿ ಸೇರಿತೆಂದು ಅವನು ಕೇಳಿರಲಿಲ್ಲ, ಮರೆತೇಬಿಟ್ಟಿದ್ದ. ಸಾಯುವ ಮೊದಲೇ ಅವಳು ಅದನ್ನು ಮಗಳ ಕೈಗೆ ಕೊಟ್ಟಿದ್ದಳು.

ಲೇಂಡರ್ಟ್ ತಟ್ಟೆಯನ್ನು ಕೆಳಗಿಟ್ಟ. ಹೂಜಿಯನ್ನು ಎತ್ತಿದ. ಹಗುರವಾಗಿತ್ತು.

"ಎಲ್ಲಾ ಚೆಲ್ಲಿದ್ಯಾ?"

"ನೀನೇ ಅಂದ್ಯಲ್ಲಪ್ಪಾ, ಕೆಟ್ಟಿದೆ ಅಂತ." ಅವಳ ದನಿ ಮಾಮೂಲಾಗಿರಲು ಹೆಣಗುತ್ತಿತ್ತು. "ಮೂವತ್ತೆಂಟು ವರ್ಷ ಆಯ್ತಲ್ಲ, ಬಿರಡೆ ಸೋರಿರ್ಬೇಕು ಅಂದ್ಕೊಂಡೆ. ಮುಚ್ಚಳ ತೆಗ್ದಾಗ ನನಗೆ ಘಮ್ಮಂತಲೇ ಇತ್ತು. ಅಮ್ಮನ ನೆನಪಿಗೆ ಹಾಗನ್ಸುತ್ತೇನೋ ಅಂತ... ನಿನ್ನ ಮೂಗು ತಪ್ಪಲ್ವಲ್ಲ."

"ನೀನು ರುಚಿ ನೋಡ್ಲಿಲ್ವಾ?"

"ಹೇಗೆ ನೋಡ್ಲಿ? ನೀನು ಸೈ ಅನ್ನೋ ತನಕ ಮುಟ್ಟಬಾರದಲ್ಲ."

ಬಂದವರ ಗದ್ದಲ ಬಾಗಿಲಾಚೆ ಕೇಳುತ್ತಿತ್ತು. ಲೇಂಡರ್ಟ್ ಹೂಜಿಯ ಚೀಟಿಯನ್ನು ಬೆರಳಲ್ಲಿ ತಿರುಗಿಸಿದ. ಒಂದು ಸುಳ್ಳು ಮುಚ್ಚಲು ಇನ್ನೊಂದು ಹೇಳಬಹುದಿತ್ತು: ಹೌದಮ್ಮ, ಬಿರಡೆಯೇ ಸೋರಿದ್ದು ಎನ್ನಬಹುದಿತ್ತು. ಹಾಗೆಂದರೆ ಮಗಳು ನಂಬುತ್ತಿದ್ದಳು, ಅಪ್ಪ ತನಗಾಗಿ ಮಾಡಿದ್ದು ಕೆಟ್ಟುಹೋಯಿತೆಂದು ಸಾಯುವವರೆಗೂ ನಂಬಿರುತ್ತಿದ್ದಳು. ಅಷ್ಟು ಕಲ್ಲೆದೆ ಅವನಿಗಿರಲಿಲ್ಲ.

"ಅದು ಕೆಟ್ಟಿರ್ಲಿಲ್ಲ ಮಗಳೇ. ಕೆಟ್ಟಿರೋದು ನಾನು. ನನಗೆ ವಾಸನೆ ಹತ್ತಲ್ಲ. ಆ ಜ್ವರ ಬಂತಲ್ಲ, ಅವತ್ತಿಂದ."

ಯೋರಿಂಡಳಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಮೀನಿನ ಹೊಗೆ, ನಿಂಬೆ, ಶುಂಠಿ? ಎಂದು ಒಂದೊಂದೇ ಕೇಳಿದಳು. ಪಟ್ಟಿ ನೋಡಿ ಹೇಳಿದೆ, ಮೀನಿಗೆ ಬಾಯಿಗೆ ಬಂದದ್ದು ಹೇಳಿದೆ ಎಂದು ಅವನು ಒಪ್ಪಿಕೊಂಡ. ಅವಳು ಅವನ ಕೈಯಿಂದ ಹೂಜಿ ಕಿತ್ತುಕೊಂಡು ಅದರ ಬಾಯನ್ನು ಅವನ ಮೂಗಿಗೆ ಒತ್ತಿ ಹಿಡಿದಳು. ಅವನು ಎದೆ ತುಂಬ ಎಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ. ಜೇಡಿಯ ತಣ್ಣಗಿನ ಅಂಚು ಮೂಗಿಗೆ ತಾಗಿದ್ದಷ್ಟೇ ತಿಳಿಯಿತು. ತಲೆ ಅಲ್ಲಾಡಿಸಿದ.

"ಹದಿನಾಲ್ಕು ತಿಂಗಳು" ಎಂದಳು ಅವಳು. "ಒಬ್ಬನೇ ಇಟ್ಕೊಂಡು ತಿರುಗಿದ್ಯಾ? ನನಗೊಂದು ಮಾತು ಹೇಳ್ಬಾರ್ದಿತ್ತಾ? ನಿನ್ನ ಮೂಗು ಇಲ್ದಿದ್ರೆ ನಾನು ಬಾರು ತೆರೀತಿರ್ಲಿಲ್ವಾ?"

ಈ ಪ್ರಶ್ನೆಯನ್ನು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹೂಜಿಯನ್ನು ಅವಳಿಂದ ಮೆಲ್ಲನೆ ತೆಗೆದುಕೊಂಡು, ತಿರುಗಿಸಿ, ಈಗ ಅವಳ ಮೂಗಿನ ಬಳಿ ಹಿಡಿದ. ನಲವತ್ತೊಂದು ವರ್ಷ ಜನ ಅವನನ್ನು ಕೇಳುತ್ತಿದ್ದದ್ದನ್ನು ಈಗ ಅವನೇ ಕೇಳಿದ.

"ಒಳಗೆ ವಾಸನೆ ಇನ್ನೂ ಇರುತ್ತೆ, ಒಂದು ಗಳಿಗೆ. ಹೇಗಿದೆ ಹೇಳು. ರೊಟ್ಟಿ ಸುಟ್ಟ ಹಾಗೆ ಬರುತ್ತಾ ಮೊದಲು? ಅದರ ಹಿಂದೆ ಒಣಹುಲ್ಲು? ಹಾಗೆ ಬರ್ಲಿ ಅಂತ ಬೆರೆಸಿದ್ದೆ."

ಯೋರಿಂಡ ಹೂಜಿಯ ಬಾಯಿಗೆ ಮುಖವಿಟ್ಟಳು. ರೊಟ್ಟಿ ಎಂದಳು. ಹೌದಪ್ಪಾ, ರೊಟ್ಟಿ. ಆಮೇಲೆ ಅವಳ ಭುಜ ಅಲುಗತೊಡಗಿತು.

"ಅಳಬೇಡ ಮಗಳೇ" ಎಂದ ಲೇಂಡರ್ಟ್. "ಅತ್ರೆ ಮೂಗು ಕಟ್ಟುತ್ತೆ. ಮೊದಲು ಹೇಳಿಬಿಡು."

ಅವಳು ಆಗಲೇ ಅಳುತ್ತಿದ್ದಳು.