ಗುಡ್ಡ ಹತ್ತದೆ ಉಳಿದ ಆ ಬಿಸಿಲಿನ ದಿನ

ನಾನು ಒಂದು ಊರುಗೋಲು. ಹುಟ್ಟಿದ್ದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಬೇಲಿಯೊಂದರಲ್ಲಿ, ಹೇಜಲ್ ಗಿಡದ ಕೊಂಬೆಯಾಗಿ. ಬೇಲಿ ಕಟ್ಟುವ ಮುದುಕನೊಬ್ಬ ನನ್ನನ್ನು ಕಡಿದು, ಚಳಿಗಾಲವೆಲ್ಲ ಅಟ್ಟದ ಮೇಲೆ ಒಣಗಿಸಿ, ಸಿಪ್ಪೆ ಹೆರೆದು ಎಣ್ಣೆ ಹಚ್ಚಿದ. ಅವನ ಕೈಯಲ್ಲಿದ್ದಾಗ ನಾನು ಕುರಿಗಳನ್ನೂ ಗದರಿಸಿದೆ, ಅವನ ಅಳಿಯನನ್ನೂ ಗದರಿಸಿದೆ. ಮುದುಕ ತೀರಿಕೊಂಡ ಮೇಲೆ ಅವನ ಮಗಳು ಮಿಸೆಸ್ ಪೈಕ್ ಆ ಪುಟ್ಟ ಕಲ್ಲುಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟಳು. ಮನೆಯ ಜೊತೆಗೆ ಟೀ ಕೆಟಲ್, ಛತ್ರಿಗಳು, ನಾನು.

ಬಾಡಿಗೆಯ ವಸ್ತುವಿಗೆ ಮಾನ ಮರ್ಯಾದೆ ಎಲ್ಲಿಯದು? ಬಂದವರೆಲ್ಲ ನನ್ನನ್ನು ಕೆಸರಿಗೆ ಚುಚ್ಚಿದರು. ಒಬ್ಬ ಮಹಾಶಯ ಪಕ್ಕದ ತೋಟದ ಸೇಬು ಉದುರಿಸಿ, ಬೈಸಿಕೊಳ್ಳುವಾಗ ನನ್ನನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಒಂದು ಮೇ ತಿಂಗಳಲ್ಲಿ ಗದಗಿನಿಂದ ಅಕ್ಕತಂಗಿಯರು ಬಂದರು. ಅಕ್ಕ ನೀಲಾಂಬಿಕೆ, ತಂಗಿ ಶಾಂಭವಿ. ಶಾಂಭವಿಯ ಕಣ್ಣು ದಿನದಿನಕ್ಕೆ ಮಂದವಾಗುತ್ತಿತ್ತು. ಪೂರ್ತಿ ಹೋಗುವುದು ಖಂಡಿತ ಎಂದು ವೈದ್ಯರು ಹೇಳಿದ್ದರು. ಬದುಕೆಲ್ಲ ಸೀಮೆಸುಣ್ಣ ಹಿಡಿದು ಭೂಗೋಳ ಕಲಿಸಿದವಳು ಅವಳು. ಸೀಮೆಸುಣ್ಣದ್ದೇ ಬಂಡೆಗಳಿರುವ ಕಡಲತೀರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ. ಮನೆಯ ಹಿಂದಿನ ಗುಡ್ಡ ಹತ್ತಿದರೆ ಅದು ಕಾಣುತ್ತದೆ. ಅಷ್ಟಕ್ಕಾಗಿಯೇ ಅವರು ಅಷ್ಟು ದೂರ ಬಂದಿದ್ದರು.

ಬಂದಾಗಿನಿಂದ ಮಳೆ. ಛತ್ರಿ ಹಿಡಿದು ಹೊಲಗಳ ನಡುವಿನ ಕಾಲುದಾರಿಗಳಲ್ಲಿ ಅಡ್ಡಾಡಿದೆವು. ದಾರಿಗೆ ಅಡ್ಡ ನಿಂತ ಹಸುಗಳಿಗೆ ಶಾಂಭವಿ, "ಸರೀರಿ ಅತ್ತಾಗ," ಅಂದಳು. ಅವು ಸರಿದವು. ನನಗೆ ಅವಳ ಕೈ ಬಹಳ ಹಿಡಿಸಿತು.

ಹೊರಡುವ ಹಿಂದಿನ ದಿನ ಬಿಸಿಲು ಬಿತ್ತು. ಶಾಂಭವಿ ಬೂಟು ಕಟ್ಟಿ, ನನ್ನನ್ನು ಹಿಡಿದು ಬಾಗಿಲಲ್ಲಿ ನಿಂತಳು.

"ಇವತ್ತ ಅಮಾಸಿ ಅದ. ಹೊಸಾ ದಾರಿ ಹಿಡಿಯೋದು ಬ್ಯಾಡ," ಎಂದಳು ನೀಲಾಂಬಿಕೆ.

"ಅಕ್ಕಾ, ಇದು ಇಂಗ್ಲೆಂಡ್ ಅದ."

"ಚಂದ್ರ ಎಲ್ಲಾ ಕಡೆ ಒಬ್ಬನ ಅಲ್ಲೇನು? ನಾಳೆ ಲಗೂನ ಎದ್ದು ಹೋಗಿ ಬರೂಣು."

ಅಕ್ಕ ಕೆಟ್ಟವಳಲ್ಲ. ಕಣ್ಣು ಮಂದವಾದ ತಂಗಿ ಅಂಥ ದಿನ ಎಲ್ಲಿ ಎಡವಿ ಬೀಳುತ್ತಾಳೋ ಎಂಬ ಭಯ. ತಂಗಿ ಅಕ್ಕನ ಮಾತು ಮೀರಿದವಳಲ್ಲ. ನನ್ನನ್ನು ಮೆಲ್ಲಗೆ ಮೂಲೆಗೊರಗಿಸಿ ಬೂಟು ಬಿಚ್ಚಿದಳು. ದಿನವಿಡೀ ಬಿಸಿಲಿತ್ತು. ಮಾರನೆಯ ಬೆಳಿಗ್ಗೆ ಗುಡ್ಡವೇ ಕಾಣದಷ್ಟು ಮಂಜು. ಟ್ಯಾಕ್ಸಿ ಬಂತು, ಅವರು ಹೋದರು.

ಕೆಲವು ವರ್ಷಗಳ ಮೇಲೆ ಮತ್ತೆ ಬಂದರು. ಶಾಂಭವಿಯ ಕಣ್ಣಲ್ಲಿ ಬೆಳಕಿರಲಿಲ್ಲ. ನೀಲಾಂಬಿಕೆ ಈ ಸಲ ತಿಥಿ ವಾರ ಏನನ್ನೂ ನೋಡಲಿಲ್ಲ. ತಂಗಿಯ ಒಂದು ಕೈಗೆ ನನ್ನನ್ನು ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಗುಡ್ಡ ಹತ್ತಿಸಿದಳು. ನೆತ್ತಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗೆ ಬೆಳ್ಳನೆಯ ಬಂಡೆಗಳು, ಅವುಗಳಾಚೆ ಫಳಫಳ ಹೊಳೆಯುವ ಕಡಲು.

"ಏನ್ ಕಾಣಸ್ತದ ಹೇಳಕ್ಕಾ."

ನೀಲಾಂಬಿಕೆ ಕಡಲು ನೋಡಿದಳು, ತಂಗಿಯ ಮುಖ ನೋಡಿದಳು.

"ಏನೂ ಕಾಣವಲ್ದವಾ. ಬರೇ ಮಂಜು."

ಶಾಂಭವಿಯ ಅಂಗೈ ನನ್ನ ಮೇಲಿತ್ತು. ನಾನು ಬಿಸಿಲಿಗೆ ಕಾದು ಬೆಚ್ಚಗಾಗಿದ್ದೆ. ಅದು ಅವಳಿಗೆ ತಿಳಿಯದಿರಲು ಸಾಧ್ಯವೇ ಇರಲಿಲ್ಲ.

"ಹೋಗ್ಲಿ ಬಿಡಕ್ಕಾ," ಎಂದಳು. "ಅವತ್ತ ಬಂದಿದ್ರೂ ಮಂಜ ಇರ್ತಿತ್ತೇನೋ."

ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕೂತರು.

ಈಗ ನನ್ನ ತುದಿ ಸೀಳಿದೆ. ಮಿಸೆಸ್ ಪೈಕ್ ನನ್ನನ್ನು ಅಡಿಗೆಮನೆಯ ಕಿಟಕಿ ಮುಚ್ಚದಂತೆ ಆನಿಸಿಟ್ಟಿದ್ದಾಳೆ. ಅಲ್ಲಿಂದ ಗುಡ್ಡ ಕಾಣುತ್ತದೆ. ಬಿಸಿಲು ಬಿದ್ದ ದಿನ ಬಾಡಿಗೆಯವರು ಟೀ ಹೀರುತ್ತ, ನಾಳೆ ಹೋದರಾಯಿತು ಅನ್ನುತ್ತಾರೆ. ಏಳಿ, ಈಗಲೇ ಹೊರಡಿ ಎಂದು ಕೂಗಬೇಕೆನಿಸುತ್ತದೆ. ನನಗೆ ಬಾಯಿಲ್ಲ. ಶಾಂಭವಿ ನನ್ನನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಾಗಲೂ ಇರಲಿಲ್ಲ.